ಯಾರೂ ಇಲ್ಲ

ಮೂವತ್ತೊಂದು ವರ್ಷ ರೀಗಾದ ಬೀದಿಗಳಲ್ಲಿ ಟ್ರಾಮ್ ಓಡಿಸಿದ
ವಿಸ್ವಾಲ್ದಿಸ್ ಒಬ್ಬರಿಗೂ ಗುದ್ದಲಿಲ್ಲ.
ಡಿಪೋದ ದಫ್ತರದಲ್ಲಿದೆ ಅದು, ಮೊಹರು ಬಿದ್ದಿದೆ.
ಆದರೂ ರಾತ್ರಿ ತಟ್ಟೆಯ ಮುಂದೆ ಕೂತು ಕೇಳುತ್ತಿದ್ದ:
ಮಾರುಕಟ್ಟೆ ತಿರುವಿನಲ್ಲಿ ಗಾಲಿ ಧಡ್ ಅಂದಿತಲ್ಲ,
ಅಡಿಯಲ್ಲಿ ಯಾರಾದರೂ ಇದ್ದರೇನು?
ಯಾರೂ ಇಲ್ಲ, ಅನ್ನುತ್ತಿದ್ದೆ, ಸೂಪು ಬಡಿಸುತ್ತ.
ಖಂಡಿತ?
ಖಂಡಿತ.
ಉಪ್ಪು ದಾಟಿಸಿದ ಹಾಗೆ ದಾಟಿಸಿದೆ ಆ ಮಾತನ್ನು
ದಿನಕ್ಕೆ ಹತ್ತು ಸಲ, ಇಪ್ಪತ್ತು ಸಲ.
ಮಗಳು ಹುಟ್ಟಿದ ದಿನ ಕೂಡ.
ಹೆರಿಗೆ ಆಸ್ಪತ್ರೆಯೊಳಗೆ ಗಂಡಸರನ್ನು ಬಿಡುತ್ತಿರಲಿಲ್ಲ ಆಗ.
ಕೆಳಗೆ ಹಿಮದಲ್ಲಿ ನಿಂತು, ಕಿಟಕಿಯತ್ತ ಕತ್ತೆತ್ತಿ,
ಗಂಡೋ ಹೆಣ್ಣೋ ಅಂತ ಕೇಳಲಿಲ್ಲ ಅವನು.
ಅದನ್ನೇ ಕೇಳಿದ.

ಈಗ ಎಪ್ಪತ್ತೇಳು. ಓಡಿಸಲು ಟ್ರಾಮಿಲ್ಲ,
ತರಕಾರಿ ತರುವ ಎರಡು ಗಾಲಿಯ ಕೈಗಾಡಿಯಿದೆ.
ಕಲ್ಲುಹಾಸಿನ ಮೇಲೆ ಅದು ಕುಲುಕಿದಾಗೆಲ್ಲ
ಹಿಂದಿರುಗಿ ಹೋಗಿ, ಮಂಡಿ ಹಿಡಿದು, ಬಗ್ಗಿ ನೋಡುತ್ತಾನೆ.
ಅಂಗಡಿಗೆ ಎಂಟು ನಿಮಿಷದ ದಾರಿ.
ನವೆಂಬರಿನ ಒಂದು ದಿನ ಕತ್ತಲಾದ ಮೇಲೆ ಬಂದ,
ಬೆಣ್ಣೆಯಿಲ್ಲದೆ.

ಮರೆವಿನ ರೋಗವಿರಬೇಕು ಅಂದರು ಮೊದಲ ಡಾಕ್ಟರು.
ಈ ವಯಸ್ಸಿಗೆ ಇನ್ನೇನು ಬದಲಾಗುತ್ತೀರಿ, ಎರಡನೆಯವರು.
ಮೂರನೆಯವಳು ದಾರ್ತಾ. ಮೊಮ್ಮಗಳ ವಯಸ್ಸು.
ಅವನ ಕಿವಿಯ ಯಂತ್ರ ಹಿಡಿಯುವಷ್ಟು ನಿಧಾನ ಮಾತಾಡಿ
ದಪ್ಪಕ್ಷರದಲ್ಲಿ ಬರೆದುಕೊಟ್ಟಳು:
ಕುಲುಕಲಿ. ನಡೆಯಿರಿ. ತಿರುಗಬೇಡಿ.
ಭಯ ಏರುತ್ತದೆ, ಏರಲಿ, ತಾನೇ ಇಳಿಯುತ್ತದೆ.
ನೂರಕ್ಕೆ ಎಷ್ಟು ಅಂತ ಬರೆದಿಡಿ.
ಅವನು ಬರೆದ: ನೂರಾ ನಲವತ್ತು.
ಅವಳು ನಗಲಿಲ್ಲ. ನನಗೆ ನಂಬಿಕೆ ಬಂದದ್ದು ಆಗಲೇ.

ಆಮೇಲೆ ನನ್ನ ಕಡೆ ನೋಡಿದಳು.
ಅವರು ಕೇಳಿದರೆ ಇನ್ನು ನೀವು ಗೊತ್ತಿಲ್ಲ ಅನ್ನಬೇಕು.

ಗೊತ್ತಿಲ್ಲ!
ಹಸಿದವನ ಮುಂದಿನಿಂದ ತಟ್ಟೆ ಎಳೆದುಕೊಂಡ ಹಾಗೆ.
ಆ ಮಾತಿನಲ್ಲೂ ಈ ಮಾತಿನಲ್ಲೂ ಇರುವುದು ಅದೇ ಇಲ್ಲ,
ಆದರೆ ಒಂದು ಬಾಗಿಲು ಮುಚ್ಚುತ್ತದೆ
ಇನ್ನೊಂದು ತೆರೆದೇ ಬಿಡುತ್ತದೆ, ಚಳಿಗಾಳಿಗೆ.
ಮೊದಲ ರಾತ್ರಿ ಹನ್ನೊಂದು ಸಲ ಕೇಳಿದ,
ಹನ್ನೊಂದು ಸಲ ಹೇಳಿದೆ.
ಯಾರೋ ಅಪರಿಚಿತಳು ಮನೆ ಹೊಕ್ಕಂತೆ ನನ್ನನ್ನು ನೋಡಿ
ಗೋಡೆಗೆ ಮುಖ ಮಾಡಿ ಮಲಗಿದ.
ನಾನು ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟು,
ನೀರಿಗೆ ಹೇಳಿದೆ: ಯಾರೂ ಇಲ್ಲ, ಯಾರೂ ಇಲ್ಲ.
ನಾಲಿಗೆಗೂ ಚಟ ಹಿಡಿಯುತ್ತದೆ
ಅಂತ ನನಗೆ ಯಾರೂ ಹೇಳಿರಲಿಲ್ಲ.

ಫೆಬ್ರವರಿ. ಮಾರುಕಟ್ಟೆ ತಿರುವು.
ಹಳಿ ದಾಟುವಾಗ ಕೈಗಾಡಿ ಧಡ್ ಅಂದಿತು.
ಅವನ ಕತ್ತಿನ ನರ ಬಿಗಿಯಿತು, ಕೈಗವಸಿನೊಳಗೆ ಮುಷ್ಟಿ.
ನಡೆದ.
ಔಷಧದಂಗಡಿ, ಬೋಳು ಲಿಂಡೆನ್ ಮರ, ಹೂ ಮಾರುವವಳು,
ನಡೆದ.

ತಿರುಗಿ ನೋಡಿದ್ದು ನಾನು.
ಹಳಿಗಳ ನಡುವೆ ಒಂದು ಬೀಟ್‌ರೂಟು ಬಿದ್ದಿತ್ತು,
ಸೀಳಿ, ಹಿಮವನ್ನು ಕೆಂಪು ಮಾಡುತ್ತ.
ಅವನು ಕೇಳಲಿಲ್ಲ.
ನಾನು ಹೇಳಲಿಲ್ಲ.
ಗಂಟೆ ಬಾರಿಸುತ್ತ ಹಿಂದಿನಿಂದ ಟ್ರಾಮ್ ಬರುತ್ತಿತ್ತು.