ಸ್ಯಾಂಪಲ್

ಶಿವಪುತ್ರ ಪ್ರತಿ ಫೋಟೋದಾಗ ಕಣ್ಣು ಮುಚ್ಚಾಂವ,
ಆಧಾರ ಕಾರ್ಡಿನ್ಯಾಗ ಸುದ್ದಾ.
"ವಿಡಿಯೋದಾಂವನ್ನ ನೀನ ನೋಡು" ಅಂದು
ಸೈಜಿಂಗ್ ಕೆಲಸಕ್ಕ ಹೋದ.

ಮೊದಲನೇ ಅಂಗಡಿಯಾಂವ ಡ್ರೋನ್ ತೋರಿಸಿದ,
ಬಾಣಂತಿ ಕೂಸಿನಂಗ ಎರಡೂ ಕೈಲೆ ಎತ್ತಿ.
"ಮ್ಯಾಲಿಂದ ತಗದ್ರ ನಮ್ಮ ಬನಹಟ್ಟಿನೂ
ಫಾರಿನ್ ಕಾಣತೈತ್ರಿ ಅಕ್ಕಾರ."
ಮ್ಯಾಲಿಂದ ನೋಡಿದವರು ಭಾಳ ಮಂದಿ ಅದಾರ ನನ್ನ.
ಸಾಕು ಅಂದೆ.

ಇನ್ನೊಬ್ಬಾಂವ ರೇಟಿಗಿಂತ ಮೊದಲ
"ಮದುಮಗಳು ಯಾರ್ರಿ?" ಅಂದ.
"ನಾನರಿ."
ಬೈತಲಿ ನೋಡಿದ, ಬಿಳಿಕೂದಲ ಎಣಿಸಿದ,
"ಹಂಗಾರ ಸಣ್ಣ ಪ್ಯಾಕೇಜ್ ಸಾಕ್ರಿ."
ತಂಗಿ ದಾನವ್ವ ಆಗಲೇ ಚಪ್ಪಲಿ ಮೆಟ್ಟಿದ್ದಳು.

ಮನಿಯಾಗ ಆಯಿದು ಬ್ಯಾರೆ:
"ಉಡಿಕಿ ಅಂದ್ರ ರಾತ್ರ್ಯಾಗ ಆಗೂದು,
ದೀಪಾ ಸಣ್ಣ ಮಾಡಿ, ಹಿತ್ತಲ ಬಾಗಲಾ ಹಾಕಿ.
ಬಾಜಿಲ್ಲ ಬಜಂತ್ರಿಲ್ಲ.
ಮುತ್ತೈದೇರು ಮಾರಿ ತಿರುವಿ ಕುಂದರತಿದ್ರು.
ಕತ್ತಲದಾಗ ಯಾವ ಕ್ಯಾಮೆರಾ ನಡೀತೈತಿ ನಿಂದು?"
ನಾ ಹೇಳೀನಿ: ಹನ್ನೆರಡು ಹತ್ತಕ್ಕ.
ಬಿಸಲಾಗ.

ಕಡೀಕ ಬಂದೇನವಾಜನ ಅಂಗಡಿ, ಮಾಳಗಿ ಮ್ಯಾಲೆ.
ಕೆಳಗ ಪಾವರ್‌ಲೂಮ್ ಧಡಧಡ,
ಮ್ಯಾಲೆ ಟೀವಿ ನಡಗತೈತಿ.
ಕೆಲಸದ ಹುಡುಗ ಪೆನ್‌ಡ್ರೈವ್ ಚುಚ್ಚಿ
"ಸ್ಯಾಂಪಲ್ ನೋಡ್ರಿ" ಅಂದ.
ಅಕ್ಕಿಕಾಳು, ಸಾವಕಾಶ,
ಗಾಳ್ಯಾಗ ನಿಂತು ನಿಂತು ಬೀಳಾಕತ್ತಾವ.
ಅಕ್ಕಿಕಾಳಿನ ಕೆಳಗ ದಂಡಿ,
ದಂಡಿ ಕೆಳಗ
ನಾನು.

ಹನ್ನೊಂದು ವರ್ಷದ ಹಿಂದಿನಾಕಿ.
ಎಷ್ಟು ಮಂದಿ ಈ ಬೆಂಚಿನ ಮ್ಯಾಲೆ ಕುಂತು
ನನ್ನ ನೋಡಿ ಅಡ್ವಾನ್ಸ್ ಕೊಟ್ಟು ಹೋಗ್ಯಾರೋ!
ಆ ಮದುವಿ ಎರಡು ವರ್ಷ ಬಾಳಿತು.
ವಿಡಿಯೋ ಇನ್ನೂ ದುಡೀತೈತಿ.

ಒಳಗಿಂದ ಬಂದೇನವಾಜ ಬಂದ, ಕೈಯಾಗ ಚಾ.
ಟೀವಿ ನೋಡಿದ. ನನ್ನ ನೋಡಿದ.
ಗಡಬಡಿಸಿ ರಿಮೋಟ್ ಹುಡುಕೂದರಾಗ
ಪರದೆ ತುಂಬ ನನ್ನ ಕೈ ಬಂತು.
ತಾಳಿ ಕಟ್ಟೂ ಹೊತ್ತು,
ಎಲ್ಲಾರ ಕಣ್ಣು ಕೊರಳಿನ ಮ್ಯಾಲೆ,
ಇಂವೊಬ್ಬ ಕ್ಯಾಮೆರಾ ಕೆಳಗಿಳಿಸಿದ್ದ.
ಮುಟಗಿಯೊಳಗ ಸೆರಗಿನ ತುದಿ,
ಹಿಂಡಿ ಒಣಹಾಕೂದು ಮರತ ಅರಿವಿಯಂಗ.
ಎಷ್ಟೋ ಹೊತ್ತು ಅಲ್ಲೇ ನಿಂತಿದ್ದ.

ಅವ್ವಗ ಕಂಡಿರಲಿಲ್ಲ ಅದು, ಅಪ್ಪಗ ಕಂಡಿರಲಿಲ್ಲ.
ಕಟ್ಟಿದಾಂವಗ ಎಂದೂ ಇಲ್ಲ.

"ಇವತ್ತ ಅಳಸತೀನ್ರಿ" ಅಂದ ತೆಳಗ ನೋಡಿ.
ಬ್ಯಾಡ ಅಂದೆ. ಯಾಕಂದೆನೋ.
ರೇಟು ಕೇಳಿದೆ. ಎಲ್ಲಾರಗಿಂತ ಜಾಸ್ತಿ ಹೇಳಿದ.
ದಾನವ್ವ ಜಗ್ಗಾಡಿ ಎರಡು ಸಾವಿರ ಬಿಡಿಸಿದಳು.

ಐತವಾರ, ಹನ್ನೆರಡು ಹತ್ತು.
ಡ್ರೋನ್ ಬ್ಯಾಡ. ಹಾಡು ಕೂಡಸಬ್ಯಾಡ.
ಆಯಿ ಮಾರಿ ತಿರುವಿದ್ರ ಅದನ್ನೂ ತಗೀ.
ಶಿವಪುತ್ರ ಕಣ್ಣು ಮುಚ್ಚಿದ್ರ, ಇರಲಿ, ಮುಚ್ಚಲಿ.
ಮತ್ತ ಆ ಹೊತ್ತಿನ್ಯಾಗ
ನೀ ಕ್ಯಾಮೆರಾ ಕೆಳಗಿಳಸ್ತಿ, ಗೊತ್ತೈತಿ ನನಗ.
ಇಳಸು.
ಈ ಸಲ ಕೈ ಏನು ಮಾಡತೈತೋ
ನಾನೂ ನೋಡಬೇಕಾಗೇತಿ.