ಮೂರನೇ ದನಿಯ ಹಾಳೆ

ಏಳಕ್ಕೆ ಹಾಡುವವರು ಬರುತ್ತಾರೆ. ಈಗ ಆರೂಕಾಲು.
ಮಹಡಿಯಲ್ಲಿ ತಮ್ತಾಳ ಲ್ಯಾಪ್‌ಟಾಪು, ಅಡುಗೆಮನೆಯಲ್ಲಿ ಪ್ರಿಂಟರು,
ನಡುವೆ ಹದಿನಾಲ್ಕು ಮೆಟ್ಟಿಲು, ಅದರ ಮೇಲೆ ನಾನು,
ಹತ್ತಿದ್ದೇ ಹತ್ತಿದ್ದು, ಇಳಿದದ್ದೇ ಇಳಿದದ್ದು.

ರೂಟರಿನ ವೈರು ಕಿತ್ತು, ಮೂವತ್ತು ಎಣಿಸಿ, ಮತ್ತೆ ಚುಚ್ಚಿದೆ.
ಕುತೈಸಿಯ ಕರೆಂಟನ್ನು ಬೈದೆ. ಪಾಪ, ಅದರ ತಪ್ಪೇನಿರಲಿಲ್ಲ.
ನನ್ನ ಹಳೇ ಡಬ್ಬಾ ಒಂದೇ ಏಟಿಗೆ ಅಚ್ಚು ಹಾಕಿತು,
ನಾತೆಲಾಳ ಫೋನು ಕೂಡ.
ಹಂಚಿದ ಫೋಲ್ಡರಿನಲ್ಲಿ ಮೇಲ್ದನಿ ಇದೆ, ನಡುದನಿ ಇದೆ;
ಮಂದ್ರದ್ದು ಇವಳು ಬರೆದದ್ದು,
ಇವಳ ಯಂತ್ರ ಬಿಟ್ಟು ಈಚೆಗೆ ಬರಲೊಲ್ಲದು.

ಕೊನೆಗೆ ಸೆಟ್ಟಿಂಗಿನ ಮೂಲೆಯಲ್ಲಿ ಸಿಕ್ಕಿತು:
ಈ ಜಾಲ ಸಾರ್ವಜನಿಕ.
ಅಂದರೆ ನಾವಿರುವುದು ಬಸ್ ನಿಲ್ದಾಣ;
ಯಾರಿಗೂ ಮುಖ ತೋರಬೇಡ, ಕರೆದರೆ ಓಗೊಡಬೇಡ.

ಮೂರು ವರ್ಷದ ಹಿಂದೆ, ತಾಯಿಯ ಬೆನ್ನಿಗೆ ಬಂದ ದಿನ
ಅದು ಕೇಳಿರಬೇಕು: ಇದು ಮನೆಯೋ, ಹೊರಗಿನ ಜಾಗವೋ?
ಹದಿಮೂರರ ಹುಡುಗಿ, ಕೋಟು ಬಿಚ್ಚದೆ, ಒತ್ತಿದ್ದಾಳೆ.
ಸುಳ್ಳೇನೂ ಹೇಳಿರಲಿಲ್ಲ.

ನಾನೇ ಬದಲಿಸಬಹುದಿತ್ತು, ಒಂದು ಕ್ಲಿಕ್ಕು.
ಪರದೆಯನ್ನು ಅವಳತ್ತ ತಿರುಗಿಸಿ
‘ನನಗಂತೂ ತಿಳಿಯಲಿಲ್ಲ, ನೀನೇ ನೋಡು’ ಅಂದು
ಇಂಕು ನೋಡುವ ನೆಪದಲ್ಲಿ ಕೆಳಗಿಳಿದೆ.

ಏಳಕ್ಕೆ ಐದು ನಿಮಿಷ. ಬಾಗಿಲಲ್ಲಿ ಬೋಂದೋ ಬೂಟು ಒರೆಸುತ್ತಿದ್ದ.
ಪ್ರಿಂಟರು ಕೆಮ್ಮಿತು.
ಒಂದಲ್ಲ, ಒಂಬತ್ತು ಸಲ ಅದೇ ಹಾಳೆ,
ಬೆಳಗಿನಿಂದ ಒತ್ತಿದ್ದೆಲ್ಲ ಸಾಲಾಗಿ;
ಕೊನೆಯದು ಮಸಿ ತೀರಿ ಬೂದಿ ಬಣ್ಣ.
ಅದನ್ನು ನಾನಿಟ್ಟುಕೊಂಡೆ, ಮಂದ್ರ ಹಾಡುವವ ನಾನೇ.
ಕಾಣದ ಸ್ವರ ಊಹಿಸಿ ಹಾಡಿದರೆ
ಮೆಟ್ಟಿಲಿನಿಂದ ಕೂಗು: ‘ಅದಲ್ಲ. ಇನ್ನೂ ಕೆಳಗೆ.’