ಮಣ್ಣಿನ ರಿಬ್ಬನ್

ಕೂತುಕೋ ಮರಿಸೆಲಾ, ಆ ಬಕೆಟ್ಟು ಬೋರಲು ಹಾಕಿ.
ವೆಲ್ಡಿಂಗ್ ಶೆಡ್ಡು ಗುಡಿಸಿದ್ದು ಸಾಕು,
ಕಬ್ಬಿಣದ ಚೂರು ಎಲ್ಲಿಗೂ ಓಡಿಹೋಗುವುದಿಲ್ಲ.
ಮೊದಲ ತರಗತಿ ಮುಗಿಯಿತಲ್ಲ.
ಹಿಂದಿನ ಬೆಂಚಿನವನು ಬಾಯಿ ತುಂಬ ಆಕಳಿಸಿದ.
ಪಕ್ಕದವನು ಕೇಳಿದ: ‘ನಮ್ಮಪ್ಪನ ಟ್ರ್ಯಾಕ್ಟರಿಗೆ
ಉಪಗ್ರಹವೇ ದಾರಿ ತೋರಿಸುತ್ತದೆ,
ನೀವೇನು ತೋರಿಸುತ್ತೀರಿ?’
ನಿನ್ನ ಕೈಯಿಂದ ಮಾರ್ಕರಿನ ಮುಚ್ಚಳ ಜಾರಿತು.
ನಾನು ಕಿಟಕಿಯಾಚೆ ನೋಡಿದೆ,
ನೋಡಲಿಲ್ಲವೆಂದು ನಿನಗನಿಸಲಿ ಎಂದು.

ನೆಬ್ರಾಸ್ಕಾದ ಈ ಊರಿಗೆ ನಾನು ಬಂದು ಇಪ್ಪತ್ತೇಳು ವರ್ಷ.
ಆಗ ಎರಡು ಚರ್ಚು, ಒಂದು ಧಾನ್ಯದ ಗೋಪುರ,
ನಡುವೆ ಈಗಿನದೇ ಗಾಳಿ.
ಕುರಿ ಈಯುವುದು ರಾತ್ರಿ ಎರಡಕ್ಕೇ,
ಬಜೆಟ್ಟು ಸಾಯುವುದು ಪ್ರತಿ ಏಪ್ರಿಲಿಗೆ.
ಇದನ್ನು ನಿನ್ನಿಂದ ಮುಚ್ಚಿಡುವುದಿಲ್ಲ.

ಒಂದು ಮಾರ್ಚಿನಲ್ಲಿ ಹಿಮಗಾಳಿ ಬೀಸಿ ಕರೆಂಟು ಹೋಯಿತು.
ಇನ್‌ಕ್ಯುಬೇಟರಿನ ನಲವತ್ತೆರಡು ಮೊಟ್ಟೆ
ಬೆಳಗಿಗೆ ನದಿಯ ಕಲ್ಲಿನಷ್ಟು ತಣ್ಣಗೆ.
ಫೋನಿನಲ್ಲಿ ತಂಗಿಗೆ ಅಂದೆ:
‘ಬೇಕಾದವರು ಮಾಡಿಕೊಳ್ಳಲಿ ಈ ಕೆಲಸ,
ಬುದ್ಧಿ ಇದ್ದವರು ಯಾರೂ ಇತ್ತ ಸುಳಿಯಬಾರದು.’
ತಿರುಗಿದರೆ ಬಾಗಿಲಲ್ಲಿ ವೆಂಡಲ್ ಕುಚೇರಾ,
ಕಾಲೇಜಿನ ಅರ್ಜಿ ಹಿಡಿದು, ನನ್ನ ಸಹಿಗೆ.
‘ಏನಾಗಬೇಕೆಂದಿದ್ದೀರಿ?’ ಎಂಬ ಗೆರೆಯ ಮೇಲೆ
‘ಕೃಷಿ ಶಿಕ್ಷಕ’ ಎಂದು ಬರೆದಿದ್ದ, ದುಂಡಗೆ.
ನಾಳೆ ಬರುತ್ತೇನೆ ಮೇಡಂ, ಎಂದ.
ನಾಳೆ ಬಂದ. ಆ ಎರಡು ಪದ ಹೊಡೆದುಹಾಕಿತ್ತು,
ಕಾಗದ ತೂತಾಗುವಷ್ಟು.

ಈಗವನು ಬೆಳೆ ವಿಮೆ ಮಾರುತ್ತಾನೆ, ಚೆನ್ನಾಗಿದ್ದಾನೆ.
ಆಲಿಕಲ್ಲು ಬಿದ್ದ ಜೋಳದ ಹೊಲದಲ್ಲಿ
ಹರಿದ ಎಲೆಗಳ ಲೆಕ್ಕ ಬರೆದುಕೊಳ್ಳುತ್ತಾನೆ.
ಕೌಂಟಿ ಹರಾಜಿನಲ್ಲಿ ನನ್ನ ಮಕ್ಕಳ ಕುರಿಮರಿಗೆ
ಯಾರೂ ಕೂಗದ ಬೆಲೆ ಕೂಗುತ್ತಾನೆ.
ಯಾಕೆಂದು ನಾನು ಕೇಳಿಲ್ಲ.
ಅವನೂ ಹೇಳಿಲ್ಲ.

ಅಂದಿನಿಂದ ನಗುತ್ತಲೇ ಇದ್ದೇನೆ ಅಂದುಕೊಳ್ಳಬೇಡ.
ಅಂಜಿದವರ ಕೈಯನ್ನು ಕರು ಮೂಸಿಯೇ ತಿಳಿಯುತ್ತದೆ,
ಅಂಟಿಸಿಕೊಂಡ ನಗುವನ್ನು ಮಕ್ಕಳು ಅದಕ್ಕಿಂತ ಬೇಗ.
ಅಳು ಬಂದರೆ ಅಳು, ಕೊಟ್ಟಿಗೆಯಿದೆ,
ಹಸುಗಳು ಯಾರಿಗೂ ಹೇಳುವುದಿಲ್ಲ.
ಆದರೆ ಆ ಮೊಟ್ಟೆಗಳ ಕತೆಗೆ ಉಳಿದರ್ಧ ಉಂಟು,
ಅದನ್ನು ನಾನು ತಂಗಿಗೆ ಹೇಳಿರಲಿಲ್ಲ:
ಅದೇ ಮಧ್ಯಾಹ್ನ ಮೇಜಿನ ಮೇಲೆ ಪತ್ರಿಕೆ ಹಾಸಿ
ಒಂದೊಂದಾಗಿ ಒಡೆದು ನೋಡಿದೆವು.
ಕಪ್ಪು ಕಣ್ಣು. ಕೊಕ್ಕಿನ ಗುರುತು.
ಸಾಸಿವೆಯಂಥ ಹೃದಯ.
ವರ್ಷವಿಡೀ ಬಾಯಿ ಬಿಡದ ಹುಡುಗಿಯೊಬ್ಬಳು ಬಗ್ಗಿ ಕೇಳಿದಳು:
‘ತಾನು ಒಳಗಿದ್ದೇನೆಂದು ಇದಕ್ಕೆ ಗೊತ್ತಿತ್ತೇ?’
ಅವಳ ಹೆಸರು ಮರೆತಿದ್ದೇನೆ.
ಪ್ರಶ್ನೆಗೆ ಇನ್ನೂ ಉತ್ತರ ಹುಡುಕುತ್ತಿದ್ದೇನೆ.

ತಣ್ಣಗಾದದ್ದೂ ನಿಜ, ಬಗ್ಗಿದ್ದೂ ನಿಜ.
ಯಾವುದನ್ನು ಮೊದಲು ಹೇಳಬೇಕು,
ನನಗೆ ತಿಳಿದ ಬೋಧನಾಶಾಸ್ತ್ರ ಇಷ್ಟೇ.

ಕೈ ಚಾಚು.
ಇದು ಕೆರೆಯ ದಂಡೆಯ ಜೇಡಿ. ನೀರು ಬೇಡ, ಉಗುಳೂ ಆದೀತು.
ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಒತ್ತಿ ತಳ್ಳು,
ರಿಬ್ಬನಿನ ಹಾಗೆ ಹೊರಬರಲಿ.
ಎಷ್ಟು ಉದ್ದಕ್ಕೆ ತುಂಡಾಗುತ್ತದೋ ಅಷ್ಟು ಜೇಡಿ ಅದರೊಳಗೆ.
ಇಗೋ, ಎರಡಂಗುಲ. ಪರವಾಗಿಲ್ಲವೇ ನೀನು!
ಮಾಂಸದ ಕಾರ್ಖಾನೆಯಲ್ಲಿ ಹಗಲಿಡೀ ಚಾಕು ಹಿಡಿವ
ನಿನ್ನಪ್ಪನ ಬೆರಳೇ ನಿನಗೆ ಬಂದಿರಬೇಕು.

ನಾಳೆ ಇದನ್ನು ಆಕಳಿಸಿದವನ ಅಂಗೈಗೆ ಹಾಕು.
ಪಕ್ಕದವನಿಗೆ ಉಪಗ್ರಹವನ್ನು ಬೈಯಬೇಡ,
ಪಾಪ, ಅದಕ್ಕೆ ಎಲ್ಲ ಕಾಣುತ್ತದೆ,
ಹೆಬ್ಬೆರಳೊಂದಿಲ್ಲ.

ನಡಿ, ಕತ್ತಲಾಯಿತು. ದೀಪ ಆರಿಸು.
ತಾಳು, ಬೇಡ.
ಬಾಗಿಲಾಚೆ ಯಾರದೋ ಬೂಟು ಕಾಣುತ್ತಿದೆ,
ಬಂದು ಎಷ್ಟು ಹೊತ್ತಾಯಿತೋ.